ತಂತಿ ನಿಲ್ಲುವಲ್ಲಿಂದ ಮುಂದೆ: ವಿಮಾನಕ್ಕೆ, ಹಡಗಿಗೆ, ಮಲೆನಾಡಿಗೆ ಉಪಗ್ರಹ ಇಂಟರ್ನೆಟ್

ಒಂದು ಊರಿಗೆ ಮೊಬೈಲ್ ಟವರ್ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಲೆಕ್ಕದ ವಿಷಯ. ಟವರ್ ನಿಲ್ಲಿಸಲು, ಅದಕ್ಕೆ ವಿದ್ಯುತ್ ಒದಗಿಸಲು, ಅಲ್ಲಿಯವರೆಗೆ ಆಪ್ಟಿಕಲ್ ಫೈಬರ್ ಎಳೆಯಲು ತಗಲುವ ಖರ್ಚನ್ನು ಅದರ ವ್ಯಾಪ್ತಿಯಲ್ಲಿರುವ ಗ್ರಾಹಕರ ರೀಚಾರ್ಜ್ ಹಣ ತುಂಬಿಕೊಡಬೇಕು. ಬೆಂಗಳೂರಿನ ಬಡಾವಣೆಯೊಂದರಲ್ಲಿ ಈ ಲೆಕ್ಕ ಸಲೀಸಾಗಿ ಕೂಡಿಬರುತ್ತದೆ; ಗುಡ್ಡಕ್ಕೊಂದು, ಕಣಿವೆಗೊಂದು ಮನೆಯಿರುವ ಮಲೆನಾಡಿನ ಹಳ್ಳಿಯಲ್ಲಿ ಕೂಡಿಬರುವುದಿಲ್ಲ. ಅರಬ್ಬೀ ಸಮುದ್ರದ ನಡುವಿನ ಹಡಗಿಗಾಗಲಿ, ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕಾಗಲಿ ಟವರಿನ ಮಾತೇ ಏಳುವುದಿಲ್ಲ. ಹೀಗಾಗಿ ಮೇಲುನೋಟಕ್ಕೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ವಿಮಾನದ ಪ್ರಯಾಣಿಕ, ಆಳಸಮುದ್ರದ ಮೀನುಗಾರ ಮತ್ತು ಕಾಡಂಚಿನ ಊರಿನ ವಿದ್ಯಾರ್ಥಿನಿ, ಇಂಟರ್ನೆಟ್ ಒದಗಿಸುವ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಒಂದೇ ಪುಟಕ್ಕೆ ಸೇರಿದವರು. ಉಪಗ್ರಹ ಇಂಟರ್ನೆಟ್ ಕಳೆದ ಕೆಲವು ವರ್ಷಗಳಲ್ಲಿ ಈ ಮೂವರ ಕಡೆಗೂ ಒಮ್ಮೆಗೇ ಹೊರಳಿರುವುದು ಏಕೆ, ಅದು ಎಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಅರಿಯಲು ಮೊದಲು ಉಪಗ್ರಹಗಳು ಯಾವ ಎತ್ತರದಲ್ಲಿವೆ ಎಂಬುದನ್ನು ನೋಡಬೇಕು.

ಆಕಾಶದಿಂದ ಹಳ್ಳಿಗೆ ಸಂಕೇತ ಕಳುಹಿಸುವುದು ನಮಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಇಸ್ರೋ ಮತ್ತು ನಾಸಾ ಸೇರಿ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳು ನೇರವಾಗಿ ತಲುಪಿದವು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಆ ಉಪಗ್ರಹವಿದ್ದದ್ದು ಭೂಸ್ಥಿರ ಕಕ್ಷೆಯಲ್ಲಿ, ಅಂದರೆ ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ಅಲ್ಲಿರುವ ಉಪಗ್ರಹ ಭೂಮಿಯನ್ನು ಸುತ್ತಲು ತೆಗೆದುಕೊಳ್ಳುವ ಸಮಯವೂ ಭೂಮಿ ತನ್ನ ಸುತ್ತ ತಿರುಗಲು ತೆಗೆದುಕೊಳ್ಳುವ ಸಮಯವೂ ಒಂದೇ ಆಗಿರುವುದರಿಂದ, ಕೆಳಗಿನಿಂದ ನೋಡುವವರಿಗೆ ಅದು ಒಂದೇ ಕಡೆ ನಿಂತಂತೆ ಕಾಣುತ್ತದೆ. ಮನೆಯ ತಾರಸಿಯ ಮೇಲಿನ ಟಿ.ವಿ. ಡಿಶ್ಶನ್ನು ಒಮ್ಮೆ ತಿರುಗಿಸಿ ಬಿಗಿದರೆ ವರ್ಷಗಟ್ಟಲೆ ಮುಟ್ಟಬೇಕಾಗಿಲ್ಲದಿರುವುದು ಇದೇ ಕಾರಣಕ್ಕೆ. ಭಾರತದ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಕಾಯ್ದಿಟ್ಟುಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ.

ಟಿ.ವಿ.ಗೆ ಈ ಎತ್ತರ ತೊಡಕಾಗಲಿಲ್ಲ, ಏಕೆಂದರೆ ಅಲ್ಲಿ ಸಂಕೇತ ಒಂದೇ ದಿಕ್ಕಿಗೆ ಹರಿಯುತ್ತದೆ. ಅರ್ಧ ಸೆಕೆಂಡು ತಡವಾಗಿ ಬಂದರೂ ನೋಡುವವರಿಗೆ ತಿಳಿಯುವುದಿಲ್ಲ. ಇಂಟರ್ನೆಟ್ಟಿನಲ್ಲಿ ಪ್ರತಿ ಕೋರಿಕೆಗೂ ಉತ್ತರ ಬರಬೇಕು. ನಿಮ್ಮ ಕೋರಿಕೆ ಮೇಲೇರಿ ಕೆಳಗಿಳಿಯಬೇಕು, ಉತ್ತರ ಮತ್ತೆ ಮೇಲೇರಿ ಕೆಳಗಿಳಿಯಬೇಕು. ಈ ನಾಲ್ಕು ಪಯಣಗಳನ್ನು ಕೂಡಿದರೆ 1 ಲಕ್ಷ 43 ಸಾವಿರ ಕಿ.ಮೀ. ಆಗುತ್ತದೆ. ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುವ ಬೆಳಕಿಗೂ ಇದಕ್ಕೆ ಸುಮಾರು ಅರ್ಧ ಸೆಕೆಂಡು ಬೇಕು. ಒಂದು ಜಾಲಪುಟ ತೆರೆಯುವಾಗ ಇಂಥ ಹತ್ತಾರು ಪ್ರಶ್ನೋತ್ತರಗಳು ನಡೆಯುವುದರಿಂದ ಪುಟ ತೆವಳುತ್ತದೆ, ವಿಡಿಯೊ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡಿ ಒಟ್ಟಿಗೆ ಸುಮ್ಮನಾಗುತ್ತಾರೆ. ಉಪಗ್ರಹದ ಸಾಮರ್ಥ್ಯವನ್ನು ಎಷ್ಟೇ ಹೆಚ್ಚಿಸಿದರೂ ಈ ವಿಳಂಬವನ್ನು ಕಡಿಮೆ ಮಾಡಲಾಗದು, ಅದು ದೂರಕ್ಕೇ ಅಂಟಿಕೊಂಡದ್ದು.

ಹಾಗಾದರೆ ಉಪಗ್ರಹವನ್ನು ಕೆಳಗಿಳಿಸಬೇಕು. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಉಪಗ್ರಹ ಇಂಟರ್ನೆಟ್ ಸೇವೆಯಾದ ಸ್ಟಾರ್‌ಲಿಂಕ್‌ನ ಬಹುಪಾಲು ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ, ಅಂಥದೇ ಸೇವೆ ಕೊಡುವ ಯೂಟೆಲ್‌ಸ್ಯಾಟ್ ಒನ್‌ವೆಬ್‌ನವು ಸುಮಾರು 1,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. 550 ಕಿ.ಮೀ. ಎತ್ತರಕ್ಕೆ ಅದೇ ನಾಲ್ಕು ಪಯಣಗಳ ಲೆಕ್ಕ ಹಾಕಿದರೆ ವಿಳಂಬ ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ನೆಲದ ಮೇಲಿನ ಜಾಲದ ತಡವನ್ನೂ ಸೇರಿಸಿದಾಗ ಬಳಕೆದಾರರಿಗೆ ಸಿಗುವುದು ಸಾಮಾನ್ಯವಾಗಿ 25ರಿಂದ 50 ಮಿಲಿಸೆಕೆಂಡು, ಅಂದರೆ ಸಾಧಾರಣ ಮೊಬೈಲ್ ಜಾಲದಷ್ಟೇ. ಆದರೆ ಕೆಳಗಿಳಿದ ಉಪಗ್ರಹ ಒಂದೇ ಕಡೆ ನಿಲ್ಲಲಾರದು. ಅದು ಸೆಕೆಂಡಿಗೆ ಸುಮಾರು 7.6 ಕಿ.ಮೀ. ವೇಗದಲ್ಲಿ ಓಡುತ್ತ, ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತಿ ಬರುತ್ತದೆ. ಯಾವುದೇ ಊರಿನ ಆಕಾಶದಲ್ಲಿ ಅದು ಬಳಕೆಗೆ ಸಿಗುವುದು ಕೆಲವೇ ನಿಮಿಷ. ಭೂಸ್ಥಿರ ಕಕ್ಷೆಯಲ್ಲಿ ಮೂರು ಉಪಗ್ರಹಗಳಿದ್ದರೆ ಧ್ರುವಪ್ರದೇಶಗಳನ್ನು ಬಿಟ್ಟು ಇಡೀ ಭೂಮಿಯನ್ನು ನೋಡಬಹುದು, ಕೆಳಕಕ್ಷೆಯಲ್ಲಾದರೆ ನೂರಾರು, ಸಾವಿರಾರು ಬೇಕು.

ಈ ಯೋಚನೆ 1990ರ ದಶಕದಲ್ಲೇ ಇತ್ತು, ಮತ್ತು ಆಗ ಅದು ಹಣಕಾಸಿನಲ್ಲಿ ಮುಗ್ಗರಿಸಿತು. 66 ಉಪಗ್ರಹಗಳ ಇರಿಡಿಯಂ 1998ರ ನವೆಂಬರ್‌ನಲ್ಲಿ ಫೋನ್ ಸೇವೆ ಆರಂಭಿಸಿ, ಮರುವರ್ಷದ ಆಗಸ್ಟ್‌ನಲ್ಲೇ ದಿವಾಳಿ ಅರ್ಜಿ ಹಾಕಿತು. ಬಿಲ್ ಗೇಟ್ಸ್ ಬಂಡವಾಳ ಹೂಡಿದ್ದ ಟೆಲಿಡೆಸಿಕ್ 840 ಉಪಗ್ರಹಗಳ ಯೋಜನೆಯೊಂದಿಗೆ ಹೊರಟು, 2002ರಲ್ಲಿ ಕೆಲಸ ನಿಲ್ಲಿಸಿತು. ಅಂದಿಗೂ ಇಂದಿಗೂ ನಡುವೆ ಭೌತಶಾಸ್ತ್ರದ ನಿಯಮಗಳು ಬದಲಾಗಿಲ್ಲ, ಬೆಲೆಗಳು ಬದಲಾಗಿವೆ. ರಾಕೆಟ್ಟಿನ ಮೊದಲ ಹಂತವನ್ನು ಮರಳಿ ಇಳಿಸಿ ಮತ್ತೆ ಬಳಸುವುದು 2017ರಲ್ಲಿ ಸಾಧ್ಯವಾಯಿತು. ಉಪಗ್ರಹಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸುವ ಬದಲು ಕಾರ್ಖಾನೆಯ ಸಾಲಿನಲ್ಲಿ ತಯಾರಿಸುವುದು ರೂಢಿಗೆ ಬಂತು. ಸ್ಪೇಸ್‌ಎಕ್ಸ್ 2019ರ ಮೇ ತಿಂಗಳಲ್ಲಿ ಒಂದೇ ಸಲಕ್ಕೆ 60 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಹಾರಿಸಿತು. ಇಂದು ಅವುಗಳ ಸಂಖ್ಯೆ 7 ಸಾವಿರವನ್ನೂ ದಾಟಿದೆ. ಇದರಲ್ಲೂ ಸುಲಭದ ಹಾದಿ ಎಲ್ಲರಿಗೂ ಸಿಗಲಿಲ್ಲ. ಒನ್‌ವೆಬ್ 2020ರ ಮಾರ್ಚ್‌ನಲ್ಲಿ ದಿವಾಳಿಯಾಗಿ, ಬ್ರಿಟನ್ ಸರ್ಕಾರ ಮತ್ತು ಭಾರ್ತಿ ಸಮೂಹ ಸೇರಿ ಅದನ್ನು ಕೊಂಡವು. ಉಕ್ರೇನ್ ಯುದ್ಧದಿಂದಾಗಿ ರಷ್ಯಾದ ರಾಕೆಟ್‌ಗಳು ಕೈತಪ್ಪಿದಾಗ ಅದರ 72 ಉಪಗ್ರಹಗಳು ಕಕ್ಷೆ ಸೇರಿದ್ದು ಶ್ರೀಹರಿಕೋಟದಿಂದ, 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಇಸ್ರೋದ ಎಲ್‌ವಿಎಂ-3 ರಾಕೆಟ್ ಏರಿ.

ನೆಲದ ಮೇಲೂ ಒಂದು ಬದಲಾವಣೆಯಾಯಿತು, ಸಾರಿಗೆಯ ದೃಷ್ಟಿಯಿಂದ ಅದೇ ದೊಡ್ಡದೆಂದು ನನಗನಿಸುತ್ತದೆ. ಓಡುವ ಉಪಗ್ರಹವನ್ನು ಹಿಂಬಾಲಿಸಲು ಹಿಂದೆ ಮೋಟಾರಿನಿಂದ ತಿರುಗುವ ಡಿಶ್ ಬೇಕಾಗಿತ್ತು. ಈಗಿನ ಚಪ್ಪಟೆ ಆಂಟೆನಾದಲ್ಲಿ ನೂರಾರು ಪುಟ್ಟ ಆಂಟೆನಾಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಪ್ರತಿಯೊಂದೂ ತನ್ನ ಅಲೆಯನ್ನು ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಹಿಂದುಮುಂದಾಗಿ ಹೊರಡಿಸಿದರೆ, ಎಲ್ಲ ಅಲೆಗಳೂ ಕೂಡಿ ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಮಾತ್ರ ಬಲಗೊಳ್ಳುತ್ತವೆ. ಈ ಹಿಂದುಮುಂದಿನ ಅಂತರವನ್ನು ಎಲೆಕ್ಟ್ರಾನಿಕ್ ಆಗಿ ಬದಲಿಸಿದರೆ, ಏನೂ ಅಲುಗಾಡದೆಯೇ ಕಿರಣ ದಿಕ್ಕು ಬದಲಿಸುತ್ತದೆ, ಒಂದು ಉಪಗ್ರಹವನ್ನು ಬಿಟ್ಟು ಮುಂದಿನದನ್ನು ಹಿಡಿಯುತ್ತದೆ. ಹೀಗೆ ಮೇಲೇರಿದ ಸಂಕೇತವನ್ನು ಉಪಗ್ರಹ ಕೆಳಗಿನ ಗೇಟ್‌ವೇ ಎಂಬ ಭೂಕೇಂದ್ರಕ್ಕೆ ಇಳಿಸುತ್ತದೆ. ಅಲ್ಲಿಂದ ಮುಂದೆ ಮಾಮೂಲಿ ಫೈಬರ್ ಜಾಲ. ಉಪಗ್ರಹಕ್ಕೂ ಗೇಟ್‌ವೇಗೂ ನೇರ ದೃಷ್ಟಿ ಬೇಕಾದ್ದರಿಂದ ಮಹಾಸಾಗರದ ನಡುವೆ ಈ ಕ್ರಮ ನಡೆಯುವುದಿಲ್ಲ. ಅದಕ್ಕಾಗಿ ಸ್ಟಾರ್‌ಲಿಂಕ್ ಉಪಗ್ರಹಗಳು ಲೇಸರ್ ಕಿರಣದ ಮೂಲಕ ತಮ್ಮತಮ್ಮಲ್ಲೇ ಮಾಹಿತಿಯನ್ನು ದಾಟಿಸುತ್ತವೆ. ಒನ್‌ವೆಬ್‌ನ ಮೊದಲ ತಲೆಮಾರಿನ ಉಪಗ್ರಹಗಳಲ್ಲಿ ಈ ಲೇಸರ್ ಇಲ್ಲ.

ಇಷ್ಟು ತಿಳಿದರೆ, ಇಡೀ ವ್ಯವಸ್ಥೆಯ ಅರ್ಥಶಾಸ್ತ್ರ ಬಿಡಿಸಿಕೊಳ್ಳುತ್ತದೆ. ಉಪಗ್ರಹ ನೆಲದ ಒಂದು ತುಂಡಿನ ಮೇಲೆ ಚೆಲ್ಲುವ ಕಿರಣದ ಸಾಮರ್ಥ್ಯ ಕೆರೆಯ ತೂಬಿನಿಂದ ಬರುವ ನೀರಿನ ಹಾಗೆ: ಕೆಳಗೆ ಹತ್ತು ಗದ್ದೆಗಳಿದ್ದರೂ ನೂರು ಗದ್ದೆಗಳಿದ್ದರೂ ಬರುವುದು ಅಷ್ಟೇ ನೀರು. ನಗರದಲ್ಲಿ ಒಂದು ಚದರ ಕಿಲೋಮೀಟರಿಗೆ ಸಾವಿರಾರು ಜನ ಅದನ್ನು ಹಂಚಿಕೊಳ್ಳಬೇಕಾಗುತ್ತದೆ, ಕಾಡಂಚಿನಲ್ಲಿ ನಾಲ್ಕಾರು ಮನೆಗಳು. ಜೊತೆಗೆ, ಕೆಳಕಕ್ಷೆಯ ಉಪಗ್ರಹ ಎಲ್ಲಿ ಗ್ರಾಹಕರಿದ್ದಾರೋ ಅಲ್ಲಿಯೇ ನಿಂತಿರುವಂತಿಲ್ಲ. ಭೂಮಿಯ ಶೇ 71 ಭಾಗ ನೀರಾಗಿರುವುದರಿಂದ ಅದು ತನ್ನ ಆಯುಸ್ಸಿನ ಬಹುಪಾಲನ್ನು ಸಮುದ್ರಗಳ ಮೇಲೆಯೇ ಕಳೆಯುತ್ತದೆ. ಅಲ್ಲಿ ಕೊಳ್ಳುವವರಿಲ್ಲದಿದ್ದರೆ ಆ ಸಾಮರ್ಥ್ಯ ಸುಮ್ಮನೆ ಪೋಲು. ಸಾಗರ ದಾಟುವ ಹಡಗೂ ಅದರ ಮೇಲೆ ಹಾರುವ ವಿಮಾನವೂ ಹೇಗಿದ್ದರೂ ವ್ಯರ್ಥವಾಗಲಿದ್ದುದನ್ನು ಕೊಳ್ಳುವ ಗ್ರಾಹಕರು, ಅದರಲ್ಲೂ ಹೆಚ್ಚು ಬೆಲೆ ತೆರಬಲ್ಲವರು. ಸಾರಿಗೆಯ ಮೇಲೆ ಈ ಕಂಪನಿಗಳಿಗೆ ಇರುವ ಒಲವಿಗೆ ಇದೇ ಮೂಲ. 2023ರಲ್ಲಿ ಸ್ಟಾರ್‌ಲಿಂಕ್ ಅಮೆರಿಕದಲ್ಲಿ ತನ್ನ ದರವನ್ನು ಎರಡಾಗಿ ಒಡೆದು, ದಟ್ಟಣೆಯಿರುವ ಪ್ರದೇಶಕ್ಕೆ ತಿಂಗಳಿಗೆ 120 ಡಾಲರ್, ಬಿಡುವಿರುವ ಪ್ರದೇಶಕ್ಕೆ 90 ಡಾಲರ್ ಎಂದು ನಿಗದಿಪಡಿಸಿದ್ದು ಈ ಲೆಕ್ಕವನ್ನು ಬಿಚ್ಚಿಟ್ಟ ಹಾಗಾಯಿತು.

ವಿಮಾನದ ವಿಷಯದಲ್ಲಿ ಒಂದು ಸೋಜಿಗವಿದೆ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಓಡುವ ವಿಮಾನಕ್ಕೆ ಸಂಪರ್ಕ ಕೊಡುವುದು ಬಲು ಕಷ್ಟವೆಂದು ತೋರಬಹುದು. ಗಂಟೆಗೆ 27 ಸಾವಿರ ಕಿ.ಮೀ. ವೇಗದಲ್ಲಿ ಓಡುವ ಉಪಗ್ರಹದ ಪಾಲಿಗೆ ವಿಮಾನವೂ ಮನೆಯೂ ಹೆಚ್ಚುಕಡಿಮೆ ಒಂದೇ, ಎರಡೂ ನಿಂತೇ ಇವೆ. ಉಪಗ್ರಹದಿಂದ ಉಪಗ್ರಹಕ್ಕೆ ಜಿಗಿಯುವ ಕ್ರಮ ಮನೆಯ ಆಂಟೆನಾಕ್ಕೇ ಅನಿವಾರ್ಯವಾದ್ದರಿಂದ, ವಿಮಾನಕ್ಕಾಗಿ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಲಿಲ್ಲ. ಭೂಸ್ಥಿರ ಉಪಗ್ರಹಗಳನ್ನು ನೆಚ್ಚಿ ಬೋಯಿಂಗ್ ಕಂಪನಿ 2004ರಲ್ಲಿ ಆರಂಭಿಸಿದ ‘ಕನೆಕ್ಷನ್’ ಎಂಬ ವಿಮಾನ ಇಂಟರ್ನೆಟ್ ಸೇವೆ ಭಾರವಾದ ಉಪಕರಣ, ದುಬಾರಿ ದರಗಳ ನಡುವೆ ಗ್ರಾಹಕರಿಲ್ಲದೆ 2006ರಲ್ಲಿ ಮುಚ್ಚಿತು. 2024ರಲ್ಲಿ ಹವಾಯಿಯನ್ ಏರ್‌ಲೈನ್ಸ್ ತನ್ನ ಏರ್‌ಬಸ್ ವಿಮಾನಗಳಲ್ಲಿ ಸ್ಟಾರ್‌ಲಿಂಕ್ ಅಳವಡಿಸಿ ಪ್ರಯಾಣಿಕರಿಗೆ ಉಚಿತವಾಗಿ ಕೊಡಲಾರಂಭಿಸಿತು. ಅದರ ದಾರಿಗಳು ಬಹುಪಾಲು ಪೆಸಿಫಿಕ್ ಸಾಗರದ ಮೇಲಿನವು ಎಂಬುದನ್ನು ಗಮನಿಸಬೇಕು. ಭಾರತದಲ್ಲಿ 2018ರ ನಿಯಮಗಳು ವಿಮಾನ ಮತ್ತು ಹಡಗುಗಳಲ್ಲಿ ಇಂಥ ಸೇವೆಗೆ ಬಾಗಿಲು ತೆರೆದವು, ವಿಮಾನದಲ್ಲಿ 3,000 ಮೀಟರ್ ಎತ್ತರ ದಾಟಿದ ಮೇಲಷ್ಟೇ ಬಳಕೆ ಎಂಬ ಷರತ್ತಿನೊಂದಿಗೆ. ಏರ್ ಇಂಡಿಯಾ 2025ರ ಆರಂಭದಲ್ಲಿ ದೇಶದೊಳಗಿನ ಕೆಲವು ವಿಮಾನಗಳಲ್ಲಿ ವೈ-ಫೈ ಒದಗಿಸಿತು.

ಭೂಸ್ಥಿರ ಉಪಗ್ರಹಗಳ ಕಾಲ ಮುಗಿಯಿತೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾಗಿ, 2024ರ ನವೆಂಬರ್‌ನಲ್ಲಿ ಅಮೆರಿಕದಿಂದ ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಹಾರಿದ 4,700 ಕಿಲೋ ತೂಕದ ಜಿಸ್ಯಾಟ್-ಎನ್2 ಉಪಗ್ರಹದ ಗುರಿ ನಮ್ಮ ಈ ಎರಡು ವರ್ಗಗಳೇ: ದೂರದ ಊರುಗಳ ಬ್ರಾಡ್‌ಬ್ಯಾಂಡ್ ಮತ್ತು ವಿಮಾನದೊಳಗಿನ ಇಂಟರ್ನೆಟ್. ಅದರ 32 ಕಿರಣಗಳಲ್ಲಿ 8 ಕಿರಣಗಳನ್ನು ಈಶಾನ್ಯ ರಾಜ್ಯಗಳ ಮೇಲೆಯೇ ಕೇಂದ್ರೀಕರಿಸಲಾಗಿದೆ. ಅದರ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್. ಸಿನಿಮಾ ನೋಡುವವರಿಗೆ, ಕಡತ ಇಳಿಸಿಕೊಳ್ಳುವವರಿಗೆ ಅರ್ಧ ಸೆಕೆಂಡಿನ ವಿಳಂಬ ದೊಡ್ಡ ಮಾತಲ್ಲ. ಅದರ ಇಡೀ ಸಾಮರ್ಥ್ಯ ಸದಾ ಭಾರತದ ಮೇಲೆಯೇ ಇರುತ್ತದೆ ಎಂಬುದು ಅದರ ಅನುಕೂಲ.

ಸಮುದ್ರದಲ್ಲಿ ಉಪಗ್ರಹ ಸಂಪರ್ಕ ಹಳೆಯದು. ಹಡಗುಗಳ ಸುರಕ್ಷತೆಗಾಗಿ 1979ರಲ್ಲೇ ಇನ್‌ಮಾರ್‌ಸ್ಯಾಟ್ ಸಂಸ್ಥೆ ಹುಟ್ಟಿತ್ತು. ಬದಲಾದದ್ದೆಂದರೆ, ಹಿಂದೆ ಕ್ಯಾಪ್ಟನ್ನನ ಕೋಣೆಯ ತುರ್ತು ಸಾಧನವಾಗಿದ್ದದ್ದು ಈಗ ತಿಂಗಳುಗಟ್ಟಲೆ ಮನೆ ಬಿಟ್ಟಿರುವ ನಾವಿಕ ಮನೆಯವರ ಮುಖ ನೋಡಿ ಮಾತನಾಡುವ ಸೌಲಭ್ಯವಾಗಿದೆ. ಸಣ್ಣ ಬೋಟುಗಳ ಕಥೆ ಬೇರೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಣ್ಮರೆಯಾಗಿ, ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ತೀರದಾಚೆ ಸಮುದ್ರತಳದಲ್ಲಿ ಸಿಗಲು 2019ರ ಮೇ ತಿಂಗಳಾಯಿತು ಎಂಬುದನ್ನು ಕರಾವಳಿಯವರು ಮರೆತಿಲ್ಲ. ದಡದಿಂದ ಹತ್ತಾರು ಕಿಲೋಮೀಟರ್ ಆಚೆ ಮೊಬೈಲ್ ಸತ್ತಂತೆಯೇ. ಇಂಥ ಬೋಟುಗಳಿಗಾಗಿ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು 1 ಲಕ್ಷ ಬೋಟುಗಳಿಗೆ ಉಚಿತವಾಗಿ ಅಳವಡಿಸುವ ಯೋಜನೆಗೆ ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಚಾಲನೆ ನೀಡಿತು. ಇದು ಇಂಟರ್ನೆಟ್ ಅಲ್ಲ. ಎರಡೂ ಕಡೆಗೆ ಕಿರುಸಂದೇಶ ದಾಟಿಸುವ, ಬೋಟು ಎಲ್ಲಿದೆ ಎಂದು ತಿಳಿಸುವ, ಅಪಾಯದಲ್ಲಿ ಗುಂಡಿಯೊತ್ತಿ ಕರೆಯುವ ವ್ಯವಸ್ಥೆ. ಮೀನುಗಾರನಿಗೆ ಮೊದಲು ಬೇಕಾದದ್ದು ಇದು. ವಿಡಿಯೊ ನೋಡುವಷ್ಟು ವೇಗ ಆಮೇಲಿನ ಮಾತು.

ರೈಲಿನಲ್ಲಿ ಉಪಗ್ರಹದ ಮಿತಿ ಎದ್ದು ಕಾಣುತ್ತದೆ. ಫ್ಲಾರಿಡಾದ ಬ್ರೈಟ್‌ಲೈನ್ ರೈಲುಗಳು 2023ರಲ್ಲಿ ಸ್ಟಾರ್‌ಲಿಂಕ್ ಅಳವಡಿಸಿಕೊಂಡವು, ಆದರೆ ಅದು ಸಮತಟ್ಟಾದ, ಆಕಾಶ ತೆರೆದ ನಾಡು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಸುಮಾರು 55 ಕಿ.ಮೀ. ಘಟ್ಟದ ಮಾರ್ಗವನ್ನು ನೆನೆಸಿಕೊಳ್ಳಿ. ಅಲ್ಲಿ 57 ಸುರಂಗಗಳಿವೆ, ಸುರಂಗಗಳ ನಡುವೆ ಎತ್ತರದ ಗುಡ್ಡದ ಗೋಡೆ ಮತ್ತು ದಟ್ಟ ಕಾಡು. ಬೋಗಿಯ ಛಾವಣಿಯ ಮೇಲಿನ ಆಂಟೆನಾ ಆಕಾಶವನ್ನು ಕಂಡು ಸಂಪರ್ಕ ಕುದುರಿಸಿಕೊಳ್ಳುವಷ್ಟರಲ್ಲಿ ಮುಂದಿನ ಸುರಂಗ ಬಂದಿರುತ್ತದೆ. ಇಂಥ ಕಡೆ ಸುರಂಗದುದ್ದಕ್ಕೂ ಸಂಕೇತ ಸೋರುವ ಕೇಬಲ್ ಎಳೆಯುವುದು, ಹಳಿಯ ಪಕ್ಕದಲ್ಲಿ ಟವರ್ ನಿಲ್ಲಿಸುವುದು, ಇವೇ ಉಪಾಯ. ಉಪಗ್ರಹವೇನಿದ್ದರೂ ತೆರೆದ ಬಯಲಿನಲ್ಲಿ ಪೂರಕ.

ದೂರದ ಜನವಸತಿಗಳ ವಿಷಯಕ್ಕೆ ಬಂದರೆ, ಉಪಗ್ರಹ ಬಿಟ್ಟರೆ ಗತಿಯೇ ಇಲ್ಲದ ಊರುಗಳು ಜಗತ್ತಿನಲ್ಲಿವೆ. ಕೆನಡಾದ ಉತ್ತರ ತುದಿಯ ನೂನಾವುಟ್ ಪ್ರಾಂತ್ಯದ 25 ಊರುಗಳ ನಡುವೆ ರಸ್ತೆಯೇ ಇಲ್ಲ, ಫೈಬರ್ ಎಲ್ಲಿಂದ ಬಂದೀತು. ಶಾಲೆ, ಆಸ್ಪತ್ರೆ, ಬ್ಯಾಂಕ್ ಎಲ್ಲವೂ ಉಪಗ್ರಹವನ್ನೇ ಅವಲಂಬಿಸಿವೆ. ಪೆಸಿಫಿಕ್‌ನ ಟೊಂಗಾ ದ್ವೀಪರಾಷ್ಟ್ರಕ್ಕೆ ಸಮುದ್ರದಡಿಯ ಕೇಬಲ್ ಇದ್ದರೂ 2022ರ ಜನವರಿಯ ಜ್ವಾಲಾಮುಖಿ ಸ್ಫೋಟ ಅದನ್ನು ತುಂಡರಿಸಿದಾಗ ಐದು ವಾರ ಆ ದೇಶ ಉಪಗ್ರಹಗಳ ಕಿರಿದಾದ ದಾರಿಯಲ್ಲೇ ಉಸಿರಾಡಿತು. ಲಕ್ಷದ್ವೀಪದ ಅನುಭವ ಇದಕ್ಕೆ ಪೂರಕ ಪಾಠ ಕೊಡುತ್ತದೆ. ಮಂಗಳೂರಿನೊಂದಿಗೆ ಹಳೆಯ ವ್ಯಾಪಾರ ಸಂಬಂಧವಿರುವ ಆ ದ್ವೀಪಗಳು ಬಹುಕಾಲ ಉಪಗ್ರಹವನ್ನೇ ನಂಬಿದ್ದವು. 2024ರ ಜನವರಿಯಲ್ಲಿ ಕೊಚ್ಚಿಯಿಂದ ಕೇಬಲ್ ತಲುಪಿದಾಗ ಲಭ್ಯ ಸಾಮರ್ಥ್ಯ ಸೆಕೆಂಡಿಗೆ 1.7 ಗಿಗಾಬಿಟ್‌ನಿಂದ 200 ಗಿಗಾಬಿಟ್‌ಗೆ ಏರುತ್ತದೆಂದು ಸರ್ಕಾರ ಹೇಳಿತು. ಎಲ್ಲಿ ಕೇಬಲ್ ಎಳೆಯಲು ಸಾಧ್ಯವೋ ಅಲ್ಲಿ ಕೇಬಲ್ಲೇ ಮೇಲು, ಈ ಮಾತಿನಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ನಮ್ಮ ಮಲೆನಾಡು ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ತರಗತಿಗಾಗಿ ಮಕ್ಕಳು ಗುಡ್ಡ ಹತ್ತಿ ಕುಳಿತದ್ದೂ, ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂಬ ಕೂಗು ಎದ್ದದ್ದೂ ಹಳೆಯ ಸುದ್ದಿಯೇನಲ್ಲ. ಉಪಗ್ರಹ ಬಂದರೆ ಈ ಕಷ್ಟ ತೀರಿತೆಂದು ಅನೇಕರು ನಂಬಿದ್ದಾರೆ. ತೀರಬಹುದು, ಆದರೆ ಮೂರು ಅಡ್ಡಿಗಳನ್ನು ದಾಟಿ. ಮೊದಲನೆಯದು ಮರ. ಕೆಳಕಕ್ಷೆಯ ಉಪಗ್ರಹಗಳು ಆಕಾಶದ ಎಲ್ಲ ದಿಕ್ಕುಗಳಲ್ಲಿ ಹಾದುಹೋಗುವುದರಿಂದ ಆಂಟೆನಾಕ್ಕೆ ವಿಶಾಲವಾದ ತೆರೆದ ಆಕಾಶ ಬೇಕು. ಅಡಿಕೆ ತೋಟದ ನಡುವೆ ಕುಳಿತ ಮನೆಗೆ ಅದು ಅಂಗಳದಷ್ಟು ಅಗಲದ ತುಂಡಾಗಿ ಸಿಗುತ್ತದೆ. ಸ್ಟಾರ್‌ಲಿಂಕ್‌ನ ಬಹುತೇಕ ಉಪಗ್ರಹಗಳ ಕಕ್ಷೆ ಸಮಭಾಜಕಕ್ಕೆ 53 ಡಿಗ್ರಿ ಓರೆಯಾಗಿರುವುದರಿಂದ ಅವು ಯೂರೋಪಿನ ಆಕಾಶದಲ್ಲಿ ದಟ್ಟವಾಗಿಯೂ ದಕ್ಷಿಣ ಭಾರತದ ಆಕಾಶದಲ್ಲಿ ವಿರಳವಾಗಿಯೂ ಇರುತ್ತವೆ ಎಂಬುದು ಇದರ ಮೇಲಿನ ಹೊರೆ. ಎರಡನೆಯದು ಮಳೆ. ಈ ಸೇವೆಗಳು ಬಳಸುವ ಕೆಯು ಮತ್ತು ಕೆಎ ಎಂಬ ತರಂಗಾಂತರ ಪಟ್ಟಿಗಳ ರೇಡಿಯೊ ಅಲೆಗಳನ್ನು ಮಳೆಹನಿಗಳು ಹೀರಿ ಚದುರಿಸುತ್ತವೆ, ಜಡಿಮಳೆಯಲ್ಲಿ ಟಿ.ವಿ. ಡಿಶ್ ಕೈಕೊಡುವುದು ಎಲ್ಲರೂ ಕಂಡದ್ದೇ. ವರ್ಷಕ್ಕೆ 7 ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ಜುಲೈ ತಿಂಗಳ ಸೇವೆ ಜನವರಿಯಂತೆ ಇರಲಾರದು. ಮೂರನೆಯದು ವಿದ್ಯುತ್. ಆಂಟೆನಾ 50ರಿಂದ 100 ವ್ಯಾಟ್‌ವರೆಗೆ ಬೇಡುತ್ತದೆ, ಮತ್ತು ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವುದು ಅದೇ ಊರುಗಳಲ್ಲಿ.

ಬೆಲೆಯನ್ನೂ ಸೇರಿಸಿ ನೋಡಿದಾಗ, ಮನೆಗೊಂದು ಡಿಶ್ ಎಂಬುದು ಹಳ್ಳಿಗೆ ತಕ್ಕ ಮಾದರಿಯೆಂದು ನನಗೆ ತೋರುವುದಿಲ್ಲ. ಗ್ರಾಮ ಪಂಚಾಯಿತಿ ಕಚೇರಿ, ಶಾಲೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ತೆರೆದ ಜಾಗದಲ್ಲಿ ಸೌರಫಲಕ ಮತ್ತು ಬ್ಯಾಟರಿಯೊಂದಿಗೆ ಒಂದೇ ದೊಡ್ಡ ಆಂಟೆನಾ ಇಟ್ಟು, ಅಲ್ಲಿಂದ ವೈ-ಫೈ ಮೂಲಕವೋ ಸಣ್ಣ ಮೊಬೈಲ್ ಟವರ್ ಮೂಲಕವೋ ಊರಿಗೆ ಹಂಚುವುದು ಹೆಚ್ಚು ಸರಿ. ಟವರಿಗೆ ಫೈಬರ್ ಎಳೆಯುವ ಖರ್ಚನ್ನು ಉಪಗ್ರಹ ಉಳಿಸುತ್ತದೆ, ಜನ ತಮ್ಮ ಮಾಮೂಲಿ ಫೋನನ್ನೇ ಬಳಸುತ್ತಾರೆ. ಫೈಬರ್ ತಲುಪದ ಪಂಚಾಯಿತಿಗಳಿಗೆ ಭಾರತ್‌ನೆಟ್ ಯೋಜನೆ ಉಪಗ್ರಹವನ್ನು ಬಳಸಿಕೊಂಡದ್ದು ಇದೇ ದಾರಿಯಲ್ಲಿ. ಅದಕ್ಕೂ ಹಿಂದೆ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯದ ತಜ್ಞರೊಂದಿಗೆ ಇಸ್ರೋ ಉಪಗ್ರಹದ ಮೂಲಕ ಬೆಸೆದಿತ್ತು. ಒಂದು ಆಂಟೆನಾ ಇಡೀ ತಾಲ್ಲೂಕಿನ ರೋಗಿಗಳಿಗೆ ನೆರವಾಗುವ ಕ್ರಮವದು.

ಇನ್ನುಳಿದದ್ದು ಅನುಮತಿಯ ಪ್ರಶ್ನೆ. ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ 2025ರ ಜೂನ್‌ನಲ್ಲಿ ಪರವಾನಗಿ ಸಿಕ್ಕಿತು. ಒನ್‌ವೆಬ್ ಮತ್ತು ಜಿಯೊದ ಉಪಗ್ರಹ ಕಂಪನಿಗೆ ಅದಕ್ಕೂ ಮೊದಲೇ ಸಿಕ್ಕಿತ್ತು. ಗಡಿ ಎಂಬುದನ್ನೇ ಅರಿಯದ ಈ ಸಂಪರ್ಕವನ್ನು ಸರ್ಕಾರ ಬಿಗಿಯಾಗಿ ಹಿಡಿದುಕೊಳ್ಳಲು ಬಯಸುವುದಕ್ಕೆ ಕಾರಣವಿದೆ: 2024ರ ನವೆಂಬರ್‌ನಲ್ಲಿ ಅಂಡಮಾನ್ ಬಳಿ ಸುಮಾರು 6 ಸಾವಿರ ಕಿಲೋ ಮಾದಕ ವಸ್ತುವಿನೊಂದಿಗೆ ಸಿಕ್ಕಿಬಿದ್ದ ದೋಣಿಯಲ್ಲಿ ಸ್ಟಾರ್‌ಲಿಂಕ್ ಸಾಧನವೂ ಇತ್ತು. ಭಾರತದ ಬಳಕೆದಾರರ ಸಂಚಾರವೆಲ್ಲ ಭಾರತದ ನೆಲದ ಗೇಟ್‌ವೇಗಳ ಮೂಲಕವೇ ಹಾಯಬೇಕು, ಗಡಿಯಿಂದ 50 ಕಿ.ಮೀ. ಒಳಗಿನ ಪಟ್ಟಿ ಮತ್ತು ತೀರದಾಚೆ 200 ನಾಟಿಕಲ್ ಮೈಲಿವರೆಗಿನ ಸಮುದ್ರ ವಿಶೇಷ ನಿಗಾದಲ್ಲಿರಬೇಕು ಎಂಬ ಷರತ್ತುಗಳು 2025ರ ಮೇ ತಿಂಗಳಲ್ಲಿ ಹೊರಬಂದವು. ನಮ್ಮ ಆಳಸಮುದ್ರ ಬೋಟುಗಳು ಓಡಾಡುವುದು ಈ ನಿಗಾ ವಲಯದಲ್ಲೇ.

ಅದೇ ತಿಂಗಳು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಉಪಗ್ರಹ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದ (ಕೆಲವು ಬಾಬತ್ತುಗಳನ್ನು ಕಳೆದು ಉಳಿಯುವ ಆದಾಯದ) ಶೇ 4ರಷ್ಟನ್ನು ತರಂಗಾಂತರಕ್ಕಾಗಿ ತೆರಬೇಕೆಂದೂ, ಕೆಳಕಕ್ಷೆಯ ಸೇವೆ ಪಡೆಯುವ ಪ್ರತಿ ನಗರ ಗ್ರಾಹಕನಿಗೆ ವರ್ಷಕ್ಕೆ 500 ರೂಪಾಯಿ ಹೆಚ್ಚುವರಿಯಾಗಿ ಕಟ್ಟಬೇಕೆಂದೂ, ಹಳ್ಳಿಯ ಗ್ರಾಹಕರಿಗೆ ಈ ಹೆಚ್ಚುವರಿ ಬೇಡವೆಂದೂ ಶಿಫಾರಸು ಮಾಡಿತು. ಕೇಂದ್ರ ಸಂವಹನ ಖಾತೆಯ ರಾಜ್ಯ ಸಚಿವ ಪೆಮ್ಮಸಾನಿ ಚಂದ್ರಶೇಖರ್ ಜುಲೈನಲ್ಲಿ, ಸ್ಟಾರ್‌ಲಿಂಕ್ ಭಾರತದಲ್ಲಿ ಹೆಚ್ಚೆಂದರೆ 20 ಲಕ್ಷ ಗ್ರಾಹಕರನ್ನು ಹೊಂದಬಹುದೆಂದರು. 140 ಕೋಟಿ ಜನರ ದೇಶದಲ್ಲಿ ಇದು ಅತ್ಯಲ್ಪ. ಆ 20 ಲಕ್ಷದಲ್ಲಿ ಫೈಬರ್ ಈಗಾಗಲೇ ಇರುವ ನಗರದ ಬಂಗಲೆಗಳೆಷ್ಟು, ಪಶ್ಚಿಮಘಟ್ಟದ ಶಾಲೆ, ಪಂಚಾಯಿತಿಗಳೆಷ್ಟು ಎಂಬುದನ್ನು ಉಪಗ್ರಹಗಳ ಸಂಖ್ಯೆಗಿಂತ ಹೆಚ್ಚಾಗಿ ಟ್ರಾಯ್ ಹೇಳಿದಂಥ ದರವ್ಯತ್ಯಾಸವೂ ಸರ್ಕಾರಿ ಸಹಾಯಧನವೂ ನಿರ್ಧರಿಸಲಿವೆ.